ಕಾಶಿಯಲ್ಲಿ ಬಿಡಲು ಏನೂ ಸಿಗದ ಸಾಹುಕಾರ

ಒಂದು ಊರು, ಆ ಊರಲ್ಲೊಬ್ಬ ಸಾಹುಕಾರ. ಮನೆಯಲ್ಲಿ ಇಲ್ಲವೆನ್ನುವ ವಸ್ತುವಿಲ್ಲ, ಬಾಯಲ್ಲಿ ಸಾಕೆನ್ನುವ ಮಾತಿಲ್ಲ! ತಲೆ ನರೆತರೂ ನೆಮ್ಮದಿ ಬರಲಿಲ್ಲ. ಅದನ್ನು ವಿಶ್ವನಾಥನೇ ಕೊಡಲಿ ಎಂದು ಅಕ್ಕನ ಜೊತೆ ಕಾಶಿಗೆ ಹೊರಟ.

ಕಾಶಿಗೆ ಹೋದವರು ತಮಗೆ ಇಷ್ಟವಾದದ್ದೊಂದನ್ನು ಅಲ್ಲೇ ಬಿಟ್ಟು ಬರಬೇಕು, ಗೊತ್ತಲ್ಲ? ಸಾಹುಕಾರ ಗಂಗೆಯಲ್ಲಿ ಮಿಂದು, ಬೊಗಸೆಯಲ್ಲಿ ನೀರು ಹಿಡಿದು, "ಹಾಗಲಕಾಯಿ ಬಿಟ್ಟೆ" ಎಂದ.

ಅಕ್ಕ ಕಿಸಕ್ಕನೆ ನಕ್ಕಳು. "ಲೋ, ಹುಟ್ಟಿದಾಗಿನಿಂದ ನೀನು ಹಾಗಲಕಾಯಿ ಮುಟ್ಟಿದ್ದುಂಟೇನೋ? ಪರಮೇಶ್ವರನಿಗೇ ಟೋಪಿ ಹಾಕ್ತೀಯಾ?"

"ಸರಿ, ನೀನೇನು ಬಿಟ್ಟೆ?"

"ರಸಪುರಿ ಮಾವಿನಹಣ್ಣು ಕಣೋ." ನಗುತ್ತಿದ್ದವಳ ಕಣ್ಣು ತುಂಬಿತು. "ಅದು ಬಂತೂಂದ್ರೆ ನಂಗೆ ಊಟಾನೇ ಬೇಡ. ಅದಕ್ಕೇ ಅವನಿಗೆ ಕೊಟ್ಟೆ."

ಸಾಹುಕಾರ ಮತ್ತೆ ಬೊಗಸೆ ತುಂಬಿಕೊಂಡ. ಏನು ಬಿಡಲಿ? ಕಾರು? ಎದುರುಮನೆಯವನು ಇನ್ನೂ ದೊಡ್ಡದು ತಂದ ದಿನವೇ ಅದು ಮನಸ್ಸಿನಿಂದ ಇಳಿದಿತ್ತು. ವಜ್ರದುಂಗುರ? ನೋಡುವವರಿಲ್ಲದಿದ್ದರೆ ಬೆರಳಿಗೆ ಬರೀ ಭಾರ. ಬಂಗಲೆ? ಗೃಹಪ್ರವೇಶದ ಮರುದಿನವೇ ಇನ್ನೊಂದಕ್ಕೆ ಜಾಗ ಹುಡುಕಿದ್ದ. ನೋಡಿ, ನೋಡಿ ಅವನ ಬಡತನ! ಅಷ್ಟೆಲ್ಲ ಇದ್ದವನಿಗೆ ದೇವರೆದುರು ಹೇಳಲು ಪ್ರೀತಿಯ ವಸ್ತು ಒಂದೂ ಇಲ್ಲ! ಬೆರಳ ಸಂದಿಯಿಂದ ನೀರು ಸೋರುತ್ತಿದೆ. ಅವನಿಗೆ ಅಕ್ಕನ ಮೇಲೆ ಹೊಟ್ಟೆಕಿಚ್ಚಾಯಿತು. ಒಂದು ಹಣ್ಣಿಗೆ ಅವಳ ಕಣ್ಣು ತುಂಬುತ್ತದೆ, ನನಗೆ?

"ಅಕ್ಕಾ, ನಂಗೆ ಇಷ್ಟ ಆಗೋದು ಒಂದೇ. ಇನ್ನೂ ಕೈಗೆ ಬರದೇ ಇರೋದು."

"ಹಾಗಾದ್ರೆ ಅದನ್ನೇ ಬಿಡೋ ಪುಣ್ಯಾತ್ಮ!"

ಅವನು ಕಣ್ಣು ಮುಚ್ಚಿದ. "ಮುಂದಿನದರ ಆಸೆ ಬಿಟ್ಟೆ, ತಂದೆ. ನೀನು ಕೊಟ್ಟದ್ದನ್ನು ಕಾಣುವ ಕಣ್ಣು ಕೊಡು." ಉಳಿದ ನೀರು ಗಂಗೆಗೆ ಬಿತ್ತು. ಕಣ್ಣು ತೆರೆದರೆ, ಆಹಾ! ಅದೇ ಗಂಗೆ, ಅದೇ ಎಳೆಬಿಸಿಲು, ಒದ್ದೆ ಸೀರೆಯಲ್ಲಿ ನಡುಗುತ್ತ ಕಾಯುತ್ತಿರುವ ಅದೇ ಅಕ್ಕ. ಇವಳು ನನಗಿದ್ದಾಳಲ್ಲ ಎಂದು ಎದೆ ಉಕ್ಕಿತು. ಅಷ್ಟು ವರ್ಷ ಜೊತೆಗೇ ಇದ್ದವಳು, ಅವತ್ತು ಕಂಡಳು!

ತಾಯಂದಿರೇ, ಅಣ್ಣಂದಿರೇ, ಕಾಶಿ ದೂರವಿರಬಹುದು, ದೇವರಮನೆಯೂ ದೂರವೇ? ದೀಪ ಹಚ್ಚಿ ನಾವೇನು ಮಾಡುತ್ತೇವೆ? ಅದು ಕೊಡು, ಇದು ಕೊಡು ಎಂದು ಅಂಗಡಿಯವನಿಗೆ ಹೇಳಿದಂತೆ ಹೇಳುತ್ತೇವೆ! ನಾಳೆ ಬೆಳಗ್ಗೆ ಏನೂ ಕೇಳಬೇಡಿ. ಮನೆಯಲ್ಲಿ ಈಗಾಗಲೇ ಇರುವ ಒಂದರ ಹೆಸರು ಹೇಳಿ, ಇದು ನನಗೆ ಇಷ್ಟ, ಸ್ವಾಮಿ, ಎನ್ನಿ. ಹೆಸರೇ ಹೊಳೆಯಲಿಲ್ಲವೇ? ಹಾಗಾದರೆ ಅವತ್ತು ಪೇಟೆಗೆ ಹೋಗಬೇಡಿ. ಮನೆಯಲ್ಲೇ ಕೂತು, ಇರುವವರ ಮುಖ ನೋಡಿ.