ಮೈದುನನ ವಾಚಿಗೆ ಹಾಕಿದ ಗುರುತು

...ಅಲ್ಲ ರಾಯ್ಸ್, ಒಳಗೆ ಬಂದು ಐದು ನಿಮಿಷ ಆಯ್ತು, ಒಂದು ಮಾತಿಲ್ಲ ಕತೆಯಿಲ್ಲ! ಕೈಯಿಂದ ವಾಚು ಬಿಚ್ಚಿ ಮೇಜಿನ ಮೇಲಿಟ್ಟು ನನ್ನ ಮುಖಾನೇ ನೋಡ್ತಾ ಕೂತಿದೀಯಲ್ಲ, ಇದೇನು ಕೋರ್ಟಾ? ಅಡುಗೆಮನೆ ಕಣೋ. ಬೂಟು ಬಿಚ್ಚು. ಬಿಚ್ಚೋಲ್ವಾ? ಸರಿ, ಇರ್ಲಿ ಬಿಡು. ನೆಲ ಈಗ ತಾನೆ ಒರೆಸಿದ್ದೆ, ಇನ್ನೊಂದ್ಸಲ ಒರೆಸ್ತೀನಿ. ಈ ಆರ್ಡಿತ್ ಅತ್ತಿಗೆ ಇರೋದೇ ಅದಕ್ಕೆ ತಾನೆ?

ಕಾಫಿ ತಗೋ.

ಶ್... ಕುರ್ಚಿ ಎಳೀಬೇಡ್ವೋ! ನಿಮ್ಮಣ್ಣ ಪಕ್ಕದ ಕೋಣೇಲಿ ಫುಟ್‌ಬಾಲ್ ನೋಡ್ತಾ ಬಿದ್ಕೊಂಡಿದಾನೆ. ನೀನು ಬಂದಿರೋದು ಅವನಿಗೆ ಗೊತ್ತಿಲ್ಲ. ಗೊತ್ತಾದ್ರೆ ಊರುಗೋಲು ಹಿಡ್ಕೊಂಡು ಎದ್ದು ಬಂದ್ಬಿಡ್ತಾನೆ. ಹೇಸರಗತ್ತೆ ಮೇಲಿಂದ ಬಿದ್ದು ಸೊಂಟ ಮುರ್ಕೊಂಡು ಇನ್ನೂ ಐದು ವಾರ ಆಗಿಲ್ಲ, ಆಗ್ಲೇ 'ಆರ್ಡಿ, ಎಲ್ಕ್ ಜಿಂಕೆ ಬೇಟೆ ಶುರುವಾಯ್ತಲ್ಲ, ರಾಯ್ಸ್‌ಗೆ ಏನಾದ್ರೂ ಸಿಕ್ಕಿತಂತಾ, ಸಿಕ್ಕಿತಂತಾ' ಅಂತ ದಿನಕ್ಕೆ ನಲವತ್ತು ಸಲ. ನಾನು ಹೇಗಿದೀನಿ ಅಂತ ಒಂದ್ಸಲ ಕೇಳ್ಲಿ ನೋಡೋಣ!

ಬರಿಗೈಲಿ ಬಂದೆ, ಅಲ್ವಾ? ಹೇಳೋದೇ ಬೇಡ, ಮುಖ ನೋಡಿದ್ರೆ ಗೊತ್ತಾಗುತ್ತೆ. ಮೂರು ದಿನ! ಪಾಪ. ಬೋಯ್ಸಿ ಪಟ್ಟಣದಿಂದ ಅಷ್ಟು ದೂರ ಗಾಡಿ ಓಡಿಸ್ಕೊಂಡು ಬಂದು, ಹಿಮದಲ್ಲಿ ನೆನೆದು... ಛೆ ಛೆ. ಆ ಬಿದ್ದಿರೋ ಮರಗಳ ಮಧ್ಯೆ ಕಾಲು ಹಾಕೋಕೂ ಜಾಗ ಇರಲ್ಲ, ಒಂದು ದಿಮ್ಮಿ ದಾಟಿದ್ರೆ ಇನ್ನೊಂದು...

ಏನು? ಹಾಗ್ಯಾಕೆ ಹುಬ್ಬು ಹಾರಿಸ್ತೀಯ?

ಬಿದ್ದಿರೋ ಮರ ಅಂತ ನನಗೆ ಹೇಗೆ ಗೊತ್ತು ಅಂತಾನಾ? ನೀನು ಹೇಳಿದ್ಯಲ್ಲ. ಹೇಳ್ಲಿಲ್ವಾ? ...ನಿನ್ನ ಪ್ಯಾಂಟು ಹೇಳ್ತು ಕಣೋ! ನೋಡ್ಕೋ, ಮೊಣಕಾಲಿನವರೆಗೂ ಮಸಿ. ಸುಟ್ಟ ಮರ ಹತ್ತಿ ಇಳಿದೋರ ಪ್ಯಾಂಟು ಹಾಗೇ ಆಗೋದು. ಕಣ್ಣಿದ್ದೋರಿಗೆಲ್ಲ ಕಾಣುತ್ತೆ. ಅದರಲ್ಲೇನಿದೆ?

ಆ ವಾಚನ್ನ ಯಾಕೆ ಹಾಗೆ ಬೆರಳಲ್ಲಿ ಕುಟ್ತಾ ಇದೀಯ? ಗೊತ್ತು, ಗೊತ್ತು. ಅದು ತೋರಿಸಿದ ಕಡೆ ಹೋದೆ ಅಂತ ತಾನೆ? ರಾಯ್ಸ್, ನಾನೊಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಈ ಜಿಪಿಎಸ್ ವಾಚು ಅನ್ನೋದನ್ನ ನಂಬಬಾರದು. ಮೇಲೆಲ್ಲೋ ಉಪಗ್ರಹ ತಿರುಗ್ತಿರುತ್ತೆ, ಕೆಳಗೆ ಕಣಿವೆ, ಮಧ್ಯೆ ಮೋಡ, ಚಳಿಗೆ ಬ್ಯಾಟರಿ ಬೇರೆ ಸಾಯುತ್ತೆ. ದಿಕ್ಸೂಚಿ ಸರಿ ಮಾಡ್ಕೊಂಡಿದ್ಯಾ? ಕೈ ಹೀಗೆ ಹೀಗೆ ಎಂಟರ ಆಕಾರದಲ್ಲಿ ಆಡಿಸ್ಬೇಕು ಮೊದಲು. ಆಡಿಸಿರಲ್ಲ ನೀನು. ಆಡಿಸ್ದೇ ಇದ್ರೆ ಬೆಟ್ಟದ ಈ ಬದಿ ಇರೋದನ್ನ ಆ ಬದಿ ತೋರಿಸುತ್ತೆ. ನಮ್ಮ ಚರ್ಚಿನ ಹೆಂಗಸರಿಗೆಲ್ಲ ಗೊತ್ತು ಇದು.

ಯಾಕೋ ನಗ್ತೀಯ? ನಗೋ ಅಂಥದ್ದು ಏನು ಹೇಳ್ದೆ?

ಅಯ್ಯಪ್ಪ, ಆ ನಗು ನನಗೆ ಹಿಡಿಸ್ತಿಲ್ಲ. ಹಲ್ಲು ಮಾತ್ರ ನಗ್ತಿದೆ, ಒಂದು ಸದ್ದೂ ಇಲ್ಲ. ಮದುವೆ ದಿನ ನಿಮ್ಮಮ್ಮ ನನ್ನ ನೋಡಿ ಹೀಗೇ ನಕ್ಕಿದ್ರು. ಬೈಬೇಕು ಅಂದ್ರೆ ಬೈದ್ಬಿಡು ಮಾರಾಯ! 'ಅತ್ತಿಗೆ, ಇದೇನು ನೀವು ಮಾಡಿದ್ದು' ಅಂತ ಬಾಯಿ ಬಿಟ್ಟು ಕೇಳು. ನಾನೂ ಬಾಯಿ ಬಿಟ್ಟು ಹೇಳ್ತೀನಿ, 'ಏನೂ ಮಾಡಿಲ್ಲ' ಅಂತ. ಮುಗೀತಲ್ಲ!

ಆರು ಬೆರಳು ತೋರಿಸ್ತಿದೀಯ. ಏನು ಆರು? ಆರು ಗಂಟೆ ಸುತ್ತಾಡಿದ್ಯಾ? ಆರು ಮೈಲೀನಾ? ಇನ್ನೂ ಆರು ವರ್ಷ ನಿಮ್ಮ ಮನೆ ಮೆಟ್ಟಿಲು ತುಳಿಯಲ್ಲ ಅಂತಾನಾ? ಹಾಗೆಲ್ಲ ಅನ್ಬೇಡ್ವೋ... ನಿಮ್ಮಣ್ಣನಿಗೆ ಇರೋದು ನೀನೊಬ್ಬ ತಮ್ಮ.

ಈಗೇನು ಗಾಳೀಲಿ ಗೀಚ್ತೀಯ? ಬರೆಯೋ ಥರ? ...ಓ. ಓಹೋ. ಬರೆದಿದ್ದು ನಾನು ಅಂತ. ಹೌದು, ನಾನೇ ಬರೆದಿದ್ದು. ಇಲ್ಲ ಅಂದ್ನಾ? ನಿಮ್ಮಣ್ಣ ಹಾಸಿಗೆಯಿಂದಾನೇ ಹುಕುಂ ಮಾಡಿದ, 'ಆರ್ಡಿ, ನನ್ನ ವಾಚಲ್ಲಿರೋ ಜಾಗದ ಗುರುತಿನ ನಂಬರ್ ನೋಡ್ಕೊಂಡು ರಾಯ್ಸ್ ವಾಚಿಗೆ ಹಾಕ್ಕೊಡು, ನನ್ನ ಹುಲ್ಲುಬಯಲಿಗೆ ಈ ವರ್ಷ ಅವನು ಹೋಗ್ಲಿ.' ಇದೇ ಮೇಜಿನ ಮುಂದೆ ಕೂತು ಎರಡೂ ವಾಚು ಪಕ್ಕ ಪಕ್ಕ ಇಟ್ಕೊಂಡು ಒಂದೊಂದೇ ಅಂಕೆ ಒತ್ತಿದೆ. ಆ ಪರದೆ ನೋಡು, ಎಷ್ಟಗಲ ಇದೆ? ಅದರಲ್ಲಿ ಅಂಕೆ ಸಾಸಿವೆ ಕಾಳಿನಷ್ಟು. ನನಗೋ ಅರವತ್ತೆರಡು. ಕನ್ನಡಕ ಎಲ್ಲೋ ಇಟ್ಟಿದ್ದೆ. ಮೂರು ಅನ್ನೋದು ಎಂಟರ ಥರ ಕಾಣ್ಸಿರಬಹುದು. ಆಗಲ್ವಾ? ಎಂಥೆಂಥವರಿಗೂ ಆಗುತ್ತೆ.

...ಕನ್ನಡಕ ಹಾಕ್ಕೊಂಡಿದ್ದೆ ಅಂತ ನಿನಗೆ ನೆನಪಿದೆ. ಅಲ್ವಾ? ನೀನು ಎದುರಿಗೇ ಕೂತಿದ್ದೆ. ನನ್ನ ಕೈಯ ಆಪಲ್ ಪೈ ತಿಂತಿದ್ದೆ.

ರಾಯ್ಸ್, ಹಾಗೆ ನೋಡ್ಬೇಡ. ಏನಾದ್ರೂ ಮಾತಾಡು. 

ಸರಿ! ಹೌದು! ಬೇಕೂಂತಲೇ ಹಾಕ್ದೆ. ಸಮಾಧಾನ ಆಯ್ತಾ?

ಶ್... ಟಿವಿ ಸದ್ದು ಇದೆ ತಾನೆ? ಇದೆ. ಸದ್ಯ.

ಮೂರನ್ನ ಎಂಟು ಮಾಡ್ದೆ. ನೀನು ಬರೋ ಮುಂಚೇನೇ ನಕ್ಷೆ ಹರಡ್ಕೊಂಡು ನೋಡಿದ್ದೆ, ಎಲ್ಲಿಗೆ ಹೋಗುತ್ತೆ ಅಂತ. ಸರಿಯಾಗಿ ಬೆಟ್ಟದ ಆಚೆ ಬದಿ, ಏಳು ವರ್ಷದ ಹಿಂದೆ ಬೆಂಕಿ ಬಿದ್ದಿತ್ತಲ್ಲ, ಆ ಸುಟ್ಟ ಗುಡ್ಡದ ನೆತ್ತಿಗೆ! ಕರ್ರಗಿನ ಮೋಟು ಮರ ಬಿಟ್ರೆ ಒಂದು ಅಳಿಲೂ ಇರಲ್ಲ ಅಲ್ಲಿ. ಆಹಾ, ಇದಕ್ಕಿಂತ ಒಳ್ಳೆ ಜಾಗ ಹುಡುಕಿದ್ರೂ ಸಿಗ್ತಿರಲಿಲ್ಲ ಅಂದ್ಕೊಂಡೆ. ನಗು ಬಂತು ಕಣೋ, ನಿಜ ಹೇಳ್ತೀನಿ. ನೀನು ಹೊಸ ಬೂಟು ಹಾಕ್ಕೊಂಡು, ಮುಖಕ್ಕೆಲ್ಲ ಹಸಿರು ಬಣ್ಣ ಬಳ್ಕೊಂಡು, ಬೇಟೆ ಪೀಪಿ ಊದಿ ಊದಿ ಎಲ್ಕನ್ನ ಕರೀತಾ ಇರೋದನ್ನ ನೆನೆಸ್ಕೊಂಡು ಪಾತ್ರೆ ತೊಳೀತಾ ಒಬ್ಬಳೇ ನಕ್ಕೆ. ನಿಮ್ಮಣ್ಣ ಒಳಗಿಂದ 'ಏನೇ ಅದು' ಅಂದ. 'ಚರ್ಚಿನ ಜೋಕು' ಅಂದೆ.

ಏನು, ಕತ್ತು ಹಿಡ್ಕೊಂಡು ತೋರಿಸ್ತೀಯ? ಹಿಸುಕಿ ಹಾಕ್ತೀನಿ ಅಂತಾನಾ? ಹಾಕು. ಹಾಕೋ ಮುಂಚೆ ಯಾಕೆ ಮಾಡ್ದೆ ಅಂತ ಕೇಳು.

ನಿನ್ನ ಬೋಯ್ಸಿ ಗೆಳೆಯರಿಗೆಲ್ಲ ಹೇಳ್ಬಿಡ್ತೀಯ, ಆ ಗುರುತನ್ನ ಫೋನಿಂದ ಫೋನಿಗೆ ಕಳಿಸ್ತಾರೆ, ಮುಂದಿನ ವರ್ಷ ಬಂದು ನೋಡಿದ್ರೆ ಇಪ್ಪತ್ತು ಟ್ರಕ್ಕು ನಿಂತಿರುತ್ತೆ... ಹೀಗೆ ಹೇಳೋಣ ಅಂತಿದ್ದೆ. ಮೂರು ದಿನದಿಂದ ಬಾಯಿಪಾಠ ಮಾಡ್ಕೊಂಡಿದ್ದೆ. ಸುಳ್ಳೇನಲ್ಲ, ಆಗೋದೂ ಹಾಗೇ. ಆದ್ರೆ ಅದಲ್ಲ ಕಾರಣ.

ಇಲ್ಲಿ ಕೇಳು. ಮೂವತ್ತೊಂದು ವರ್ಷ. ಪ್ರತಿ ವರ್ಷಾನೂ ಅಕ್ಟೋಬರಲ್ಲಿ ನಿಮ್ಮಣ್ಣನ ಜೊತೆ ಬೆಟ್ಟಕ್ಕೆ ಹೋಗಿದೀನಿ. ಹೋಗಿ? ಕೆಳಗೆ ಹೊಳೆ ಪಕ್ಕದ ಡೇರೆಯಲ್ಲಿ ಕೂತಿದೀನಿ. ಒಲೆ ಉರಿಸಿದೀನಿ, ರೊಟ್ಟಿ ಸುಟ್ಟಿದೀನಿ, ಅವನ ಒದ್ದೆ ಕಾಲುಚೀಲ ಒಣಗ್ಸಿದೀನಿ. ಅವನು ಕತ್ತಲಿರೋವಾಗ್ಲೇ ಎದ್ದು ಮೇಲೆ ಹೋಗ್ತಾನೆ. ಎಲ್ಲಿಗೆ? 'ಹುಲ್ಲುಬಯಲಿಗೆ.' ಅದೆಲ್ಲಿದೆ? 'ಕಡಿದಾದ ದಾರಿ ಆರ್ಡಿ, ನಿನಗಾಗಲ್ಲ.' ಮದುವೆ ಆಗೋ ಮುಂಚೆ ನಮ್ಮಪ್ಪನ ಜೊತೆ ಹೋಗಿ ಎರಡು ಎಲ್ಕ್ ಹೊಡೆದೋಳು ನಾನು! ನಿನಗಿಂತ ನೆಟ್ಟಗೆ ಗುರಿ ಇಡ್ತೀನಿ, ಅದು ನಿನಗೂ ಗೊತ್ತು. ಆದ್ರೂ ನನಗಾಗಲ್ಲ.

ಸಂಜೆ ಬರ್ತಾನೆ, ಹೇಳ್ತಾನೆ. ನಸುಕಲ್ಲಿ ಮಂಜು ಹೇಗೆ ಏಳುತ್ತೆ, ಆಸ್ಪೆನ್ ಮರದ ಎಲೆ ಹೇಗೆ ಹಳದಿ ಆಗಿರುತ್ತೆ, ಗಂಡು ಎಲ್ಕ್ ಕೂಗಿದ್ರೆ ಬಾಯಿಂದ ಹಬೆ ಹೇಗೆ ಬರುತ್ತೆ... ಎಲ್ಲ ಹೇಳ್ತಾನೆ. ಎಲ್ಲಿ ಅಂತ ಮಾತ್ರ ಹೇಳಲ್ಲ. ನನಗೂ ಹೇಳಲ್ಲ ರಾಯ್ಸ್! ಅವನ ಅನ್ನ ಬೇಯಿಸೋಳಿಗೆ!

ಅಂಥವನು ಈ ವರ್ಷ ಸೊಂಟ ಮುರ್ಕೊಂಡು ಬಿದ್ದ ತಕ್ಷಣ ಆ ಜಾಗ ತೆಗೆದು ನಿನಗೆ ಕೊಟ್ಟ. ನೀನು ಅವನ ಜೊತೆ ಎಷ್ಟು ಸಲ ಹೋಗಿದೀಯ? ಎರಡು. ಅದೂ ಒಂದ್ಸಲ ನೆಗಡಿ ಅಂತ ಡೇರೆಯಲ್ಲೇ ಮಲಗಿದ್ದೆ, ನಾನೇ ಸೂಪು ಮಾಡಿ ಕೊಟ್ಟಿದ್ದೆ, ಇನ್ನೊಂದ್ಸಲ ಅವನು ನಿನ್ನನ್ನೂ ಮೇಲಕ್ಕೆ ಕರ್ಕೊಂಡು ಹೋಗ್ಲಿಲ್ಲ. ನಿನಗೆ ಕೊಟ್ಟ. ಅದನ್ನೂ ನನ್ನ ಕೈಯಲ್ಲೇ ಬರೆಸ್ದ. ಅವನ ವಾಚು ಕೈಗೆ ತಗೊಂಡು ಆ ನಂಬರ್ ನೋಡ್ದಾಗ... ಹೇಗೆ ಹೇಳಲಿ... ಮೂವತ್ತೊಂದು ವರ್ಷ ಮುಚ್ಚಿಟ್ಟಿದ್ದು ಇಷ್ಟೇನಾ ಅನ್ನಿಸ್ತು. ಹನ್ನೆರಡು ಅಂಕೆ. ಅವನಿಗೆ ಹೊಳೀಲೇ ಇಲ್ಲ ನೋಡು, ನಾನು ಓದಬಲ್ಲೆ ಅಂತ.

ಕೊಡೋಕೆ ಮನಸ್ಸು ಬರಲಿಲ್ಲ ಕಣೋ. ಅಷ್ಟೇ. ನನಗಿಟ್ಕೊಂಡೆ.

ಈಗ ಇದನ್ನೂ ಕೇಳ್ಬಿಡು, ಹೇಗೂ ಕತ್ತು ಹಿಸುಕ್ತೀಯ. ನಾನು ಬೇಟೆ ಪರವಾನಗಿ ತಗೊಂಡಿದೀನಿ. ಈ ಊರಲ್ಲಿ ತಗೊಂಡ್ರೆ ಸಂಜೆ ಒಳಗೆ ನಿಮ್ಮಣ್ಣನ ಕಿವಿಗೆ ಬೀಳುತ್ತೆ ಅಂತ ಪಕ್ಕದ ಊರಿನ ಅಂಗಡಿಗೆ ಹೋಗಿ ತಗೊಂಡೆ. ಹೊಲಿಗೆ ಗುಂಪಿಗೆ ಹೋಗ್ತೀನಿ ಅಂತ ಹೇಳಿ ನಾಲ್ಕು ವಾರದಿಂದ ಅವನ ವಾಚು ಕಟ್ಕೊಂಡು ಗುಡ್ಡ ಹತ್ತಿ ಇಳೀತಿದೀನಿ. ಗುರುತು ಹಾಕೋದು, ಬಾಣ ನೋಡ್ಕೊಂಡು ಹೋಗೋದು, ಬಂದ ದಾರಿ ಹಿಡಿದೇ ವಾಪಸ್ ಬರೋದು, ಎಲ್ಲ ಕಲಿತೆ. ಒಂದ್ಸಲ ತಪ್ಪಿಸ್ಕೊಂಡು ಯಾರದೋ ಕುರಿ ದೊಡ್ಡಿಗೆ ಹೋಗಿ ಬಿದ್ದೆ, ಅದು ಬೇರೆ ಕತೆ. ಬರೋ ಶನಿವಾರ ಹೋಗಬೇಕು ಅಂತ. ಒಬ್ಬಳೇ. ಎಲ್ಕ್ ಸಿಗುತ್ತೋ ಬಿಡುತ್ತೋ, ಆ ಮಂಜು ಏಳೋದನ್ನ ನನ್ನ ಕಣ್ಣಲ್ಲಿ ಒಂದ್ಸಲ ನೋಡ್ಬೇಕು. ಆದ್ರೆ ದಿನಪೂರ್ತಿ ಇವನನ್ನ ಯಾರ ಕೈಗೆ ಒಪ್ಪಿಸಿ ಹೋಗ್ಲಿ? ಅದೊಂದು ಬಗೆಹರೀತಿಲ್ಲ.

ನೋಡು, ಎಲ್ಲ ಹೇಳ್ಬಿಟ್ಟೆ. ಈಗಲಾದ್ರೂ ಬಾಯಿ ಬಿಡು.

ಎಲ್ಲಿಗೆ ಎದ್ದೆ? ಹೇಳ್ಬೇಡ್ವೋ ಅವನಿಗೆ, ಕಾಲು ಹಿಡೀತೀನಿ... ಓ, ಫ್ರಿಜ್ಜಿಗಾ. ಆ ಚೀಟಿ ಯಾಕೆ? ನನ್ನ ಸಾಮಾನಿನ ಪಟ್ಟಿ ಅದು. ಪೆನ್ಸಿಲ್... ಬರೀತೀಯಾ? ಬಾಯಲ್ಲಿ ಹೇಳೋಕಾಗದೇ ಇರೋ ಅಷ್ಟು ಕೆಟ್ಟ ಮಾತಾ?

ಕೊಡು ಇಲ್ಲಿ. ನಿನ್ನ ಅಕ್ಷರವೋ, ಕೋಳಿ ಕೆದರಿದ ಹಾಗೆ. 'ಅತ್ತಿಗೆ... ಗಂಟಲು... ಕಟ್ಟಿದೆ. ಚಳೀಲಿ ನೆನೆದು ಸ್ವರಾನೇ ಹೋಗಿದೆ. ಆಗ್ಲಿಂದ ಕಾಗದ ಕೇಳ್ತಿದೀನಿ.'

...ಕಾಗದ ಕೇಳ್ತಿದ್ಯಾ.

'ವಾಚಿನ ಗುರುತು ಪಕ್ಕಾ ಇತ್ತು. ನಿನ್ನೆ ಬೆಳಿಗ್ಗೆ ಹೊಡೆದೆ. ಒಂದೊಂದು ಕೊಂಬಿಗೂ ಆರು ಕವಲು. ಇಂಥದ್ದು ನನ್ನ ಜನ್ಮದಲ್ಲಿ ನೋಡಿಲ್ಲ. ಮಾಂಸ ಚೀಲದಲ್ಲಿ ಹಾಕಿ ಮರಕ್ಕೆ ಕಟ್ಟಿದೀನಿ, ಇಳಿಸೋಕೆ ಹೇಸರಗತ್ತೆ ಬೇಕು. ನಿಮಗೆ ಥ್ಯಾಂಕ್ಸ್ ಹೇಳೋಣ ಅಂತ್ಲೇ ಬಂದೆ.'

ಆರು ಕವಲು.

ಅಲ್ಲಿ? ಆ ಸುಟ್ಟ ಗುಡ್ಡದಲ್ಲಿ? ಅಲ್ಲಿ ಏನಿದೆ ಅಂತ ಎಲ್ಕ್ ಬರುತ್ತೆ? ಅಲ್ಲಿ ಬರೀ... ಏಳು ವರ್ಷ... ಬೂದಿ ಮೇಲೆ ಹೊಸ ಹುಲ್ಲು. ಅಯ್ಯೋ, ನನ್ನ ಬುದ್ಧಿಗಿಷ್ಟು! ಸುಟ್ಟ ಕಡೆ ಹುಲ್ಲು ಚೆನ್ನಾಗಿ ಬರುತ್ತೆ ಅಂತ ನಮ್ಮಪ್ಪ ಎಷ್ಟು ಸಲ ಹೇಳಿದ್ರು!

ತಡಿ. ಅಂದ್ರೆ... ನಿನಗೆ ಏನೂ ಗೊತ್ತೇ ಇರಲಿಲ್ಲ. ಗುರುತು ತಪ್ಪು ಅಂತಾನೂ ಗೊತ್ತಿರಲಿಲ್ಲ. ನೀನು ಬಂದಿದ್ದು ಥ್ಯಾಂಕ್ಸ್ ಹೇಳೋಕೆ. ಗಂಟಲು ಕಟ್ಟಿದೆ ಅಂತ ಕತ್ತು ತೋರಿಸ್ದೆ, ನಾನು... ಎಲ್ಲಾನೂ ನಾನೇ... ಮೂರು, ಎಂಟು, ನಕ್ಷೆ, ಪರವಾನಗಿ, ಕುರಿ ದೊಡ್ಡಿ ಸಮೇತ!

ನಗು, ನಗು. ಸದ್ದು ಬರದೇ ಇದ್ರೂ ಭುಜ ಕುಣೀತಿದೆ, ಕಾಣ್ತಿದೆ ನನಗೆ. ಮುಸುಡಿ ನೋಡು! ನಕ್ಕು ಮುಗಿಸಿ ಹೇಳ್ಬಿಡು, ಈಗ ನಿಮ್ಮಣ್ಣನಿಗೂ ಒಂದು ಚೀಟಿ ಬರೀತೀಯೋ?

ಮತ್ತೆ ಬರೀತಿದೀಯ. ಯಾರಿಗೆ? ನನಗಾ?

ಕೊಡು.

'ಶನಿವಾರ ನೀವು ಹೋಗಿ ಬನ್ನಿ. ಅಣ್ಣನ ಜೊತೆ ನಾನಿರ್ತೀನಿ.'

ಹಸಿರು ಡಬ್ಬೀಲಿರೋದು ನೋವಿನ ಮಾತ್ರೆ. ಹತ್ತು ಗಂಟೆಗೆ ಒಂದು, ನಾಲ್ಕಕ್ಕೆ ಒಂದು. ಇನ್ನೊಂದು ಬೇಕು ಅಂತ ಗೋಗರೀತಾನೆ, ಕೊಡಬೇಡ. ಮಧ್ಯಾಹ್ನ ಸೂಪು ಒಲ್ಲೆ ಅಂತಾನೆ, ಬಿಡಬೇಡ. ಬಚ್ಚಲಿಗೆ ಹೋಗೋವಾಗ ಎಡಗಡೆಯಿಂದ ಹಿಡ್ಕೋಬೇಕು, ಎಡಗಡೆ, ತಿಳೀತಾ? ಮತ್ತೆ ನಾನೆಲ್ಲಿ ಅಂತ ಕೇಳಿದ್ರೆ... ನೀನೇನು ಹೇಳ್ತೀಯ ಬಿಡು, ಗಂಟಲೇ ಇಲ್ಲ.