ರಾಣಿಯ ತಲೆಗೆ ತೂತು

ಕುಂದಲಹಳ್ಳಿಯ ಅಕ್ಕಸಾಲಿಗರ ಅಂಗಡಿಯಲ್ಲಿ ಗೆಜ್ಜೆಗೆ ಕಾಯುತ್ತಿದ್ದ ಯಮುನಾ, ಪಕ್ಕದ ಅಜ್ಜಿ-ಮೊಮ್ಮಗಳ ಜಗಳಕ್ಕೆ ಕಿವಿಗೊಟ್ಟಳು. ಅಜ್ಜಿಯ ಸರದಲ್ಲಿ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ ತೂಗುತ್ತಿತ್ತು.

“ಕರಗಿಸ್ಬಿಡಜ್ಜಿ. ನಮ್ ದೇಶ ದೋಚಿದೋಳ್ನ ಕತ್ತಲ್ಲಿ ಹಾಕ್ಕೊಂಡು ಮೆರೀತೀಯಲ್ಲ!”

“ದೋಚಿದ್ದು ನಂಗೂ ಗೊತ್ತು ಕಣೇ.”

“ಮತ್ಯಾಕೆ ಈ ಮರ್ಯಾದೆ?”

“ಮರ್ಯಾದೇನಾ? ನಮ್ಮಜ್ಜಿ ಇವಳ ತಲೇಗೇ ತೂತು ಕೊರ್ಸಿ ದಾರ ಪೋಣ್ಸಿದ್ಲು. ಅವತ್ತಿಂದ ಹಬ್ಬಹಬ್ಬಕ್ಕೂ ಹುಣಸೇಹಣ್ಣಾಕಿ ಮುಖ ಉಜ್ತಾ ಇದೀವಿ. ನಾಕು ತಲೆಮಾರಿಗೆ ಮೂಗೇ ಸವೆದೋಯ್ತು. ಕರಗಿಸಿದ್ರೆ ಬಚಾವಾಗ್ಬಿಡ್ತಾಳೆ!”

ಮೊಮ್ಮಗಳು ಜೋರಾಗಿ ನಕ್ಕಳು. ಸರವನ್ನು ತಾನೇ ಬಿಚ್ಚಿ ಅಕ್ಕಸಾಲಿಗರ ಮುಂದಿಟ್ಟಳು.

“ಕರಗಿಸ್ಬೇಡಿ ಅಣ್ಣ. ಹಳೇ ತೂತು ಸವೆದಿದೆ, ಕಿರೀಟದ ಮೇಲೇ ಇನ್ನೊಂದು ಕೊರೀರಿ.”

ಕೊರೆದದ್ದಾಯಿತು. ಅಜ್ಜಿ ಸರ ಹಾಕಿಕೊಂಡು, ಗೆದ್ದ ಗತ್ತಿನಲ್ಲಿ ಮೆಟ್ಟಿಲಿಳಿದಳು. ಹಿಂದಿನಿಂದ ಮೊಮ್ಮಗಳ ದನಿ ಕೇಳಿಸಿತು:

“ಅಜ್ಜೀ, ಈ ಹಬ್ಬಕ್ಕೆ ನಾನೇ ಉಜ್ತೀನಿ!”