ಮೆಟ್ಟಿಲಕ್ಕ ಮತ್ತು ನಿಂತ ಎಸ್ಕಲೇಟರು

ನಂಬುವವರು ನಂಬಿ, ಬಿಡುವವರು ಬಿಡಿ. ಗಾಳಿ ಸದ್ದು, ಇಲಿ ಸದ್ದು ಅಂತ ಮಾತ್ರ ನನ್ನ ಮುಂದೆ ಹೇಳಬೇಡಿ. ಇದು ನನ್ನ ಚಿಕ್ಕಮ್ಮನ ಮಗಳಿಗೇ ಆದದ್ದು.

ಹಳೇ ಮಾಲ್ ಶುರುವಾದಾಗ ಈ ಊರಿನವರು ಎಸ್ಕಲೇಟರನ್ನು ಕಂಡವರೇ ಅಲ್ಲ. ಅದರ ಬುಡದಲ್ಲಿ ಚಪ್ಪಲಿ ಬಿಟ್ಟು, ಪಕ್ಕದವರ ತೋಳು ಹಿಡಿದು, ನಾ ಒಲ್ಲೆ ಅಂತ ನಿಂತುಬಿಡೋರು. ಕೈ ಹಿಡಿದು ಹತ್ತಿಸುವುದಕ್ಕೆಂದೇ ಮಾಲಿನವರು ನನ್ನ ತಂಗಿಯನ್ನು ಕೆಲಸಕ್ಕಿಟ್ಟರು. "ಕೈ ಕೊಡಿ, ಕೆಳಗೆ ನೋಡಬೇಡಿ, ನಾನಿದೀನಿ." ದಿನವಿಡೀ ಇದೇ ಮಾತು. ಊರಿಗೆಲ್ಲ ಅವಳು ಮೆಟ್ಟಿಲಕ್ಕ ಆದಳು. ಎಸ್ಕಲೇಟರು ಇದ್ದದ್ದು ಹತ್ತುವುದಕ್ಕೆ ಮಾತ್ರ. ಇಳಿಯುವವರು ಆ ತುದಿಯ ಕಲ್ಲುಮೆಟ್ಟಿಲು ಹುಡುಕಿಕೊಳ್ಳಬೇಕು. ಅದು ಅವಳ ಕೆಲಸ ಅಲ್ಲ.

ಜನಕ್ಕೆ ರೂಢಿಯಾದ ಮೇಲೆ ಆ ಕೆಲಸ ಹೋಯಿತು. ಇವಳು ಎಸ್ಕಲೇಟರಿನ ಪಕ್ಕದಲ್ಲೇ ಬಟ್ಟೆ ಆಲ್ಟರ್ ಮಾಡುವ ಅಂಗಡಿ ಇಟ್ಟಳು. ಯಾರೋ ಬಿಟ್ಟುಹೋದ ಒಂದು ಜೊತೆ ಚಪ್ಪಲಿಯನ್ನು ಎಸೆಯದೆ ಹೊಲಿಗೆ ಮೆಷಿನ್ನಿನ ಕೆಳಗಿಟ್ಟುಕೊಂಡಳು. "ಕೇಳಿಕೊಂಡು ಬಂದರೆ?" ಅನ್ನುವಳು. ಯಾರೂ ಬರಲಿಲ್ಲ.

ಆಮೇಲೆ ಮೇಲಿನ ಸಿನಿಮಾ ನಿಂತಿತು. ಆಟಿಕೆ ಅಂಗಡಿ ಹೋಯಿತು, ಐಸ್‌ಕ್ರೀಮಿನವನು ಹೋದ. ಬೋರ್ಡುಗಳ ಅಕ್ಷರ ಒಂದೊಂದೇ ಉದುರಿದವು. ಇವಳು ಮಾತ್ರ ಅಲ್ಲಾಡಲಿಲ್ಲ. ಖಾಲಿ ಮಾಡುವುದಕ್ಕೆ ಬದಲಾಗಿ ರಸ್ತೆಯಾಚೆ ಬೇರೆ ಅಂಗಡಿ ಕೊಡಿಸುತ್ತೇನೆಂದು ಮಾಲಿನ ಮ್ಯಾನೇಜರ್ ಮಾತು ಕೊಟ್ಟಿದ್ದ. ಕೇಳಿದಾಗಲೆಲ್ಲ ಮುಂದಿನ ವಾರ, ಮುಂದಿನ ವಾರ. ಕರೆಂಟ್ ಕಿತ್ತರು. ಬಚ್ಚಲಿಗೆ ಬೀಗ ಜಡಿದರು. ಇವಳು ಟಾರ್ಚ್ ತೂಗುಹಾಕಿ, ಮೆಷಿನ್ನನ್ನು ಕಾಲಲ್ಲಿ ತುಳಿದು ಹೊಲಿದಳು.

"ಬಿಟ್ಟು ಬಾರೇ, ಸಾಕು," ಅಂದೆ.

"ಹೊಸ ಅಂಗಡಿ ಕೀಲಿ ಕೈಗೆ ಕೊಡಲಿ, ಹೋಗ್ತೀನಿ. ನೀನಾಗಿದ್ರೆ ಹೋಗ್ತಿದ್ದೆಯಾ ಅಕ್ಕಾ?"

ನಾನೂ ಹೋಗುತ್ತಿರಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಆ ರಾತ್ರಿ ತಡವಾಗಿ ಶಟರ್ ಎಳೆದು, ಮಾಲಿನ ಹಿಂದಿನ ಬಾವಿ ದಾಟಿ ಮನೆ ಕಡೆ ಹೊರಟಿದ್ದಾಳೆ. ಮಾಲ್ ಕಟ್ಟುವಾಗಲೂ ಮುಚ್ಚದೆ ಉಳಿಸಿದ ಬಾವಿ, ಮೇಲೆ ಕಬ್ಬಿಣದ ಜಾಲರಿ. ಅಲ್ಲಿಗೆ ಕೇಳಿಸಿತು... ಗರ್ರ್... ಟಕ್. ಗರ್ರ್... ಟಕ್.

ಎಸ್ಕಲೇಟರು.

ಮ್ಯಾನೇಜರ್ ರಾತ್ರೋರಾತ್ರಿ ಅಂಗಡಿ ಕೀಳಿಸೋಕೆ ಆಳು ಬಿಟ್ಟಿದ್ದಾನೆ ಅಂದುಕೊಂಡು, ಬಂದ ದಾರಿಯಲ್ಲೇ ವಾಪಸ್ ನುಗ್ಗಿದಳು. ಕರೆಂಟೇ ಇಲ್ಲದ ಕಡೆ ಅದು ಹೇಗೆ ತಿರುಗೀತು ಅಂತ ಯೋಚಿಸುವ ತಾಳ್ಮೆ ಅವಳಿಗೆಲ್ಲಿ? ಒಳಗೆ ಯಾರೂ ಇಲ್ಲ. ಎಸ್ಕಲೇಟರು ನಿಂತಿದೆ. ಟಾರ್ಚ್ ಮೇಲಕ್ಕೆ ಹಿಡಿದಳು. ಬೆಳಕು ಕೊನೆಯ ಮೆಟ್ಟಿಲು ಮುಟ್ಟಲಿಲ್ಲ.

ರಬ್ಬರಿನ ಕೈಪಟ್ಟಿಯ ಮೇಲೆ ಅಂಗೈ ಉಜ್ಜಿದ ಸದ್ದು... ಕಿರ್... ಕಿರ್...

"ಯಾರ್ರೀ ಅದು?"

ಮೇಲಿನಿಂದ, ಪಿಸುಗುಟ್ಟಿದಂತೆ... ವಯಸ್ಸಾದ ಹೆಂಗಸಿನ ಧ್ವನಿ.

"ಹತ್ತಿಸಿದೆಯಲ್ಲ ಮಗಾ... ಇಳಿಸೋರು ಯಾರು?"

ಇನ್ನೊಬ್ಬರಾಗಿದ್ದರೆ ಓಡುತ್ತಿದ್ದರು. ಇವಳಿಗೆ ಆ ಮಾತು ನಾಟಿತು. ನಿಂತ ಮೆಟ್ಟಿಲು ಹತ್ತಿ, ಕತ್ತಲೆಯೊಳಕ್ಕೆ ಕೈ ಚಾಚಿ, ಹಳೇ ರೂಢಿಯಂತೆ ಅಂದಳು, "ಕೈ ಕೊಡಿ. ಕೆಳಗೆ ನೋಡಬೇಡಿ. ನಾನಿದೀನಿ."

ಕೈ ಬಂತು. ಒಗೆದು ಹಿಂಡಿದ ಬಟ್ಟೆಯಂತೆ ತಣ್ಣಗಿತ್ತು... ತೂಕವೇ ಇರಲಿಲ್ಲ. ಒಂದೊಂದೇ ಮೆಟ್ಟಿಲು ಇಳಿಸಿದಳು. ಬುಡಕ್ಕೆ ಬಂದಾಗ ಆ ಬೆರಳುಗಳು ಅವಳ ಕೈಯನ್ನೊಮ್ಮೆ ಒತ್ತಿ ಬಿಟ್ಟವು. ಚಪ್ಪಲಿ ಸದ್ದು ಬಾಗಿಲ ಕಡೆ ಹೋಯಿತು... ಚಟ್... ಚಟ್...

ಮಾರನೇ ಬೆಳಿಗ್ಗೆ, ನೋಡಿ ಹಣೆಬರಹ, ಮ್ಯಾನೇಜರ್ ತಾನಾಗಿ ಬಂದು ಹೊಸ ಅಂಗಡಿಯ ಕೀಲಿ ಕೊಟ್ಟ. ಇವಳು ಅದನ್ನು ಅವನ ಕೈಗೇ ವಾಪಸ್ ಇಟ್ಟಳು.

ಸುದ್ದಿ ತಿಳಿದು ಓಡಿಹೋದೆ. ರಾತ್ರಿ ನಡೆದದ್ದನ್ನೆಲ್ಲ ಹೇಳಿದಳು. ಹೇಳಿದರೇನು, ನನ್ನ ಸಿಟ್ಟು ಇಳಿಯಲಿಲ್ಲ.

"ಬುದ್ಧಿ ನೆಟ್ಟಗಿದೆಯೇನೇ ನಿಂಗೆ? ವರ್ಷಗಟ್ಟಲೆ ಇದಕ್ಕೇ ತಾನೇ ಜಗಳ ಆಡಿದ್ದು?"

"ಮೆಲ್ಲಗೆ ಮಾತಾಡಕ್ಕ," ಅಂದಳು, ಮೇಲಕ್ಕೆ ನೋಡಿ. "ಊರಿಗೆ ಊರನ್ನೇ ಹತ್ತಿಸಿದೀನಿ."

ಮೆಷಿನ್ನಿನ ಕೆಳಗೆ ಬಗ್ಗಿ ನೋಡಿದೆ. ಚಪ್ಪಲಿ ಇರಲಿಲ್ಲ. ಧೂಳಿನಲ್ಲಿ ಅವುಗಳ ಆಕಾರ ಉಳಿದಿತ್ತು, ಅಷ್ಟೇ.

ಅವಳನ್ನು ಎಳೆದುಕೊಂಡೇ ಬರುತ್ತೇನೆಂದು ಹಟ ಹಿಡಿದು ಹೋದವಳು ನಾನು. ಎಸ್ಕಲೇಟರಿನ ಬುಡ ನೋಡಿ ಸುಮ್ಮನೆ ವಾಪಸ್ ಬಂದೆ. ಇದು ಯಾರದೋ ಬಾಯಿಮಾತಲ್ಲ, ನಾನೇ ಕಣ್ಣಾರೆ ಕಂಡದ್ದು. ಅಲ್ಲಿ ಇನ್ನೊಂದು ಜೊತೆ ಚಪ್ಪಲಿ ಇತ್ತು. ಅಚ್ಚುಕಟ್ಟಾಗಿ ಜೋಡಿಸಿಟ್ಟದ್ದು... ಚಿಕ್ಕ ಮಗುವಿನ ಕಾಲಿನ ಅಳತೆಯದು.